ಒಂದು ಲಕ್ಷದ ಮೂವತ್ತೊಂದು ಸಾವಿರ ಜನರ ನಡುವೆ ಕಳೆದುಹೋದ ಚಪ್ಪಲಿ

ನಮ್ಮ ಬಡಾವಣೆಯ ವಾಚನಾಲಯದಲ್ಲಿ ತಿಂಗಳಿಗೊಂದು ಭಾನುವಾರ ಯಾರಾದರೂ ಒಬ್ಬರು ತಮಗೆ ಗೊತ್ತಿರುವ ವಿಷಯದ ಬಗ್ಗೆ ಮಾತನಾಡುತ್ತಾರೆ. ಈ ಸಲ ಸರದಿ ನನ್ನದಾಗಿತ್ತು. ಕೋಲ್ಕತ್ತದ ಸಾಲ್ಟ್ ಲೇಕ್ ಸ್ಟೇಡಿಯಂ ಬಗ್ಗೆ ಮಾತನಾಡಿದೆ. ಬರಹಕ್ಕೆ ಇಳಿಸುವಾಗ ಒಂದಿಷ್ಟು ಬಿಟ್ಟಿದ್ದೇನೆ, ಒಂದಿಷ್ಟು ಸೇರಿಸಿದ್ದೇನೆ. ಮಧ್ಯೆ ಬಂದ ಪ್ರಶ್ನೆಗಳನ್ನು ಮಾತ್ರ ಹಾಗೇ ಇಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ, ನಾನು ಫುಟ್‌ಬಾಲ್ ಆಡಿದವನಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡಿ ರಿಟೈರ್ ಆದವನು. 1996ರಲ್ಲಿ ಪ್ರಮೋಷನ್ ಕೊಟ್ಟು ಕಲ್ಕತ್ತಕ್ಕೆ ಹಾಕಿದರು. ಆಗ ಅದು ಕಲ್ಕತ್ತ, ಕೋಲ್ಕತ್ತ ಅಂತ ಹೆಸರು ಬದಲಾಗಿದ್ದು 2001ರಲ್ಲಿ. ಶ್ಯಾಮಬಜಾರಿನಲ್ಲಿ ಒಂದು ರೂಮು ಹಿಡಿದೆ. ಮನೆ ಮಾಲೀಕರು ಮೋಹನ್ ಬಾಗಾನ್ ಫುಟ್‌ಬಾಲ್ ಕ್ಲಬ್ಬಿನ ಅಭಿಮಾನಿ. ಬ್ಯಾಂಕಿನಲ್ಲಿ ನನ್ನ ಪಕ್ಕದ ಟೇಬಲ್ಲಿನವರು ಅದರ ಎದುರಾಳಿ ಕ್ಲಬ್ ಈಸ್ಟ್ ಬೆಂಗಾಲ್ ಅಭಿಮಾನಿ, ಜಾದವಪುರದ ಕಡೆಯವರು. ಮಾಲೀಕರನ್ನು ನಾನು ಮೇಶೋಮಶಾಯ್ ಅನ್ನುತ್ತಿದ್ದೆ, ಅಂದರೆ ಚಿಕ್ಕಪ್ಪ ಅಂದ ಹಾಗೆ. ಬ್ಯಾಂಕಿನವರನ್ನು ದಾದಾ ಅನ್ನುತ್ತಿದ್ದೆ. ಇಬ್ಬರ ಮಧ್ಯೆ ಎರಡು ವರ್ಷ ಹೇಗೆ ಬದುಕಿದೆ ಅನ್ನುವುದೇ ಬೇರೆ ಉಪನ್ಯಾಸ ಆಗುತ್ತದೆ.

ಇವತ್ತಿನ ವಿಷಯ ಸ್ಟೇಡಿಯಂ. ಯಾವ ಸ್ಟೇಡಿಯಂ ಬಗ್ಗೆ ಮಾತು ಬಂದರೂ ನಾವು ಮೊದಲು ಕೇಳುವುದು ಒಂದೇ, ಎಷ್ಟು ಜನ ಹಿಡಿಸುತ್ತದೆ? ನನಗೂ ಆ ಪ್ರಶ್ನೆಯೇ ಮುಖ್ಯ ಅನ್ನಿಸುತ್ತಿತ್ತು. ಒಂದು ಸಂಜೆ ಅಲ್ಲಿಂದ ಹೊರಗೆ ಬರುವಷ್ಟರಲ್ಲಿ ಪ್ರಶ್ನೆ ಬದಲಾಯಿತು. ಎಷ್ಟು ಹೊತ್ತಿಗೆ ಖಾಲಿಯಾಗುತ್ತದೆ ಅಂತ ಕೇಳಬೇಕು ಅನ್ನಿಸಿತು. ಆ ಸಂಜೆಗೆ ಆಮೇಲೆ ಬರುತ್ತೇನೆ.

ಕಲ್ಕತ್ತದ ಫುಟ್‌ಬಾಲ್ ಹುಟ್ಟಿ ಬೆಳೆದದ್ದು ಮೈದಾನದಲ್ಲಿ. ಮೈದಾನ ಅಂದರೆ ಫೋರ್ಟ್ ವಿಲಿಯಂ ಕೋಟೆಯ ಸುತ್ತಲಿನ ದೊಡ್ಡ ಬಯಲು. ಅದು ಸೈನ್ಯದ ಜಾಗ. ಅಲ್ಲಿ ಕ್ಲಬ್ಬುಗಳು ಟೆಂಟು ಹಾಕಿಕೊಳ್ಳಬಹುದು, ಮರದ ಗ್ಯಾಲರಿ ನಿಲ್ಲಿಸಿಕೊಳ್ಳಬಹುದು, ಕಾಂಕ್ರೀಟಿನ ದೊಡ್ಡ ಸ್ಟೇಡಿಯಂ ಕಟ್ಟುವ ಹಾಗಿಲ್ಲ. ಮೋಹನ್ ಬಾಗಾನ್ 1889ರದ್ದು, ಮೊಹಮ್ಮಡನ್ ಸ್ಪೋರ್ಟಿಂಗ್ 1891ರದ್ದು, ಈಸ್ಟ್ ಬೆಂಗಾಲ್ 1920ರದ್ದು. ಮೂವರ ಮನೆಯೂ ಅಲ್ಲೇ. ಒಂದೊಂದು ಗ್ರೌಂಡಿನಲ್ಲಿ ಇಪ್ಪತ್ತು ಸಾವಿರದ ಆಸುಪಾಸು ಜನ ಕೂರಬಹುದು. ಬರುವವರು ಅದರ ನಾಲ್ಕು ಪಟ್ಟು.

1911ರ ಜುಲೈ 29ರಂದು ಮೋಹನ್ ಬಾಗಾನ್ ಐಎಫ್‌ಎ ಶೀಲ್ಡ್ ಟೂರ್ನಿಯ ಫೈನಲ್‌ನಲ್ಲಿ ಬ್ರಿಟಿಷ್ ಸೈನ್ಯದ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟನ್ನು 2-1ರಲ್ಲಿ ಸೋಲಿಸಿತು. ಹನ್ನೊಂದು ಜನರಲ್ಲಿ ಹತ್ತು ಜನ ಬರಿಗಾಲಲ್ಲಿ ಆಡಿದವರು. ಒಳಗೆ ಜಾಗ ಸಿಗದವರಿಗೆ ಸ್ಕೋರು ತಿಳಿಸಲು ಗಾಳಿಪಟದ ಮೇಲೆ ಬರೆದು ಹಾರಿಸಿದರು ಅಂತ ಇವತ್ತಿಗೂ ಹೇಳುತ್ತಾರೆ. ಆಮೇಲಿನ ಕಾಲದಲ್ಲಿ ರಟ್ಟಿನ ಪೆರಿಸ್ಕೋಪ್ ಬಂತು. ಉದ್ದದ ಡಬ್ಬಿ, ಮೇಲೊಂದು ಕನ್ನಡಿ, ಕೆಳಗೊಂದು ಕನ್ನಡಿ. ಗ್ಯಾಲರಿಯ ಹೊರಗೆ ನಿಂತು, ಮುಂದಿನವರ ತಲೆಯ ಮೇಲಿಂದ ಆಟ ನೋಡುವುದು. ನಮ್ಮ ಮೇಶೋಮಶಾಯ್ ಹತ್ತಿರ ಅಂಥದ್ದೊಂದು ಇತ್ತು. ಕನ್ನಡಿ ಮಬ್ಬಾಗಿತ್ತು. ಅಟ್ಟದ ಮೇಲೆ ದುರ್ಗಾಪೂಜೆಯ ಸಾಮಾನಿನ ಜೊತೆ ಜೋಪಾನವಾಗಿ ಇಟ್ಟಿದ್ದರು.

ಇಲ್ಲಿ ನಮ್ಮೂರಿನದೂ ಒಂದು ಮಾತು. ಆ ಮೈದಾನದಲ್ಲಿ ಮೆರೆದವರಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ಒಬ್ಬರು. 1948ರ ಮತ್ತು 1952ರ ಒಲಿಂಪಿಕ್ಸ್ ಆಡಿದವರು. ಈಸ್ಟ್ ಬೆಂಗಾಲ್‌ನ ಐದು ಜನ ಫಾರ್ವರ್ಡ್‌ಗಳನ್ನು ಬಂಗಾಳಿಗಳು ಪಂಚಪಾಂಡವರು ಅಂತ ಕರೆಯುತ್ತಿದ್ದರು, ಅದರಲ್ಲಿ ಇವರೂ ಇದ್ದರು. ನಾನು ಬೆಂಗಳೂರಿನವನು ಅಂದಾಗ ದಾದಾ ಮೊದಲು ಹೇಳಿದ್ದು ಅಹ್ಮದ್ ಖಾನ್ ಹೆಸರು. ನಾನು ಯಾರು ಅಂತ ಕೇಳಿದೆ. ಆ ಮುಖಭಂಗ ಇನ್ನೂ ನೆನಪಿದೆ. ಮೈಸೂರು ತಂಡ 4 ಸಲ ಸಂತೋಷ್ ಟ್ರೋಫಿ ಗೆದ್ದಿದೆ, ಐದನೆಯದಕ್ಕೆ ಕರ್ನಾಟಕ 2023ರ ತನಕ 54 ವರ್ಷ ಕಾಯಬೇಕಾಯಿತು ಅಂತ ನಿಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಕೈ ಎತ್ತಿ. ಮೂರು. ಹಾಗಾದರೆ ನನ್ನದೊಬ್ಬನದೇ ತಪ್ಪಲ್ಲ ಬಿಡಿ.

ಮೈದಾನ ಸಾಲದೆ ಹೋದಾಗ ದೊಡ್ಡ ಪಂದ್ಯಗಳನ್ನು ಈಡನ್ ಗಾರ್ಡನ್ಸ್‌ಗೆ ಒಯ್ದರು. 1977ರ ಸೆಪ್ಟೆಂಬರ್‌ನಲ್ಲಿ ಪೆಲೆ ಬಂದು ನ್ಯೂಯಾರ್ಕ್ ಕಾಸ್ಮೋಸ್ ಪರ ಮೋಹನ್ ಬಾಗಾನ್ ವಿರುದ್ಧ ಆಡಿದ್ದು ಈಡನ್‌ನಲ್ಲೇ. 2-2 ಆಯಿತು.

1980ರ ಆಗಸ್ಟ್ 16. ಈಡನ್‌ನಲ್ಲಿ ಲೀಗ್ ಪಂದ್ಯ, ಮೋಹನ್ ಬಾಗಾನ್ ಮತ್ತು ಈಸ್ಟ್ ಬೆಂಗಾಲ್. ಗ್ಯಾಲರಿಯಲ್ಲಿ ಎರಡೂ ಕಡೆಯವರು ಬೆರೆತು ಕೂತಿದ್ದರು. ಪಿಚ್ ಮೇಲೆ ಇಬ್ಬರು ಆಟಗಾರರ ಮಧ್ಯೆ ಜಟಾಪಟಿಯಾಯಿತು, ರೆಫರಿ ಇಬ್ಬರನ್ನೂ ಹೊರಗೆ ಕಳಿಸಿದರು. ಆ ಜಗಳ ಗ್ಯಾಲರಿಗೆ ಹತ್ತಿತು. ಕಲ್ಲು ತೂರಾಟ, ಓಟ, ನೂಕುನುಗ್ಗಲು. 16 ಜನ ಸತ್ತರು. ಪಂದ್ಯ ನಿಲ್ಲಲಿಲ್ಲ. ಕೊನೆಯ ವಿಸಿಲ್ ತನಕ ನಡೆಯಿತು, ಯಾರೂ ಗೋಲು ಹೊಡೆಯಲಿಲ್ಲ.

ದಾದಾ ಅವತ್ತು ಅಲ್ಲಿದ್ದರಂತೆ, ಎದುರಿನ ಗ್ಯಾಲರಿಯಲ್ಲಿ. ಸತ್ತ ಸುದ್ದಿ ಗೊತ್ತಾಗಿದ್ದು ಮನೆಗೆ ಹೋಗಿ ರೇಡಿಯೋ ಹಾಕಿದ ಮೇಲೆ ಅಂದರು. ಬಾಗಿಲಲ್ಲಿ ಅಮ್ಮ ನಿಂತಿದ್ದರಂತೆ, ಅಷ್ಟು ಹೊತ್ತಿಗೆ ಇಡೀ ಬೀದಿಯ ಅಮ್ಮಂದಿರು ನಿಂತಿದ್ದರಂತೆ. ಇವತ್ತಿಗೂ ಪ್ರತಿ ಆಗಸ್ಟ್ 16ನ್ನು ಅಲ್ಲಿ ಫುಟ್‌ಬಾಲ್ ಪ್ರೇಮಿಗಳ ದಿನ ಅಂತ ಆಚರಿಸುತ್ತಾರೆ. ರಕ್ತದಾನ ಮಾಡುತ್ತಾರೆ.

ನಾವು ಇಂಥದ್ದಕ್ಕೆ ಕಾಲ್ತುಳಿತ ಅನ್ನುತ್ತೇವೆ. ಪೇಪರಿನಲ್ಲೂ ಹಾಗೇ ಬರುತ್ತದೆ. ಆ ಮಾತು ಸರಿಯಿಲ್ಲ ಅಂತ ನನ್ನ ತಕರಾರು. ಕಾಲ್ತುಳಿತ ಅಂದ ಕೂಡಲೇ ಯಾರೋ ಬಿದ್ದರು, ಯಾರೋ ಬುದ್ಧಿಯಿಲ್ಲದೆ ತುಳಿದುಕೊಂಡು ಓಡಿದರು ಅನ್ನುವ ಚಿತ್ರ ಬರುತ್ತದೆ. ತಪ್ಪು ಜನರದ್ದೇ ಆಗಿಬಿಡುತ್ತದೆ. ಇಂಥ ದುರಂತಗಳಲ್ಲಿ ಎಷ್ಟೋ ಜನ ಸಾಯುವುದು ನಿಂತ ನಿಲುವಿನಲ್ಲೇ. ಒಂದು ಚದರ ಮೀಟರಿನಲ್ಲಿ ಐದಾರು ಜನಕ್ಕಿಂತ ಜಾಸ್ತಿಯಾದರೆ ಗುಂಪು ನೀರಿನ ಹಾಗೆ ಆಗುತ್ತದೆ. ಅಲೆ ಏಳುತ್ತದೆ. ನೀವು ನಡೆಯುವುದಿಲ್ಲ, ಗುಂಪು ನಿಮ್ಮನ್ನು ಒಯ್ಯುತ್ತದೆ. ಎದೆ ಒತ್ತಿಹಿಡಿದು ಉಸಿರಾಡಲು ಆಗುವುದಿಲ್ಲ. ಹಿಂದಿರುವವನಿಗೆ ಮುಂದೆ ಏನಾಗುತ್ತಿದೆ ಅಂತ ಗೊತ್ತೇ ಇರುವುದಿಲ್ಲ, ಅವನು ಸುಮ್ನೆ ಒಂದು ಹೆಜ್ಜೆ ಮುಂದಿಡುತ್ತಾನೆ.

2025ರ ಜೂನ್ 4ಕ್ಕೆ ನಮ್ಮೂರಿನಲ್ಲಿ ಏನಾಯಿತು ಅಂತ ನಾನು ಬಿಡಿಸಿ ಹೇಳಬೇಕಿಲ್ಲ. ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ಕೂರುವ ಜಾಗ ಮೂವತ್ತು ಚಿಲ್ಲರೆ ಸಾವಿರ. ಬಂದವರು ಲಕ್ಷಗಟ್ಟಲೆ. ಗೇಟಿನ ಹೊರಗೆ 11 ಜನ ಸತ್ತರು, ಒಳಗೆ ಕಪ್ ಎತ್ತಿ ತೋರಿಸುತ್ತಿದ್ದರು. ನನಗೆ ತಕ್ಷಣ ನೆನಪಾದದ್ದು ಈಡನ್‌ನ ಆ 0-0.

ಸರಿ, ಸಾಲ್ಟ್ ಲೇಕ್‌ಗೆ ಬರೋಣ. ಹೆಸರೇ ಹೇಳುವ ಹಾಗೆ ಅದು ಉಪ್ಪುನೀರಿನ ಜೌಗು. ಊರಿನ ಪೂರ್ವಕ್ಕೆ ಮೀನು ಸಾಕುವ ಕೆರೆಗಳು, ಆಪು ಹುಲ್ಲು, ಕೆಸರು. ಮುಖ್ಯಮಂತ್ರಿಯಾಗಿದ್ದ ಡಾ. ಬಿಧಾನ್ ಚಂದ್ರ ರಾಯ್ ಅವರು ಅಲ್ಲೊಂದು ಹೊಸ ಊರು ಕಟ್ಟಬೇಕು ಅಂತ ಹೊರಟರು. 1962ರಲ್ಲಿ ಕೆಲಸ ಶುರುವಾಯಿತು, ಅದೇ ವರ್ಷ ಅವರು ತೀರಿಕೊಂಡರು. ಹೂಗ್ಲಿ ನದಿಯ ತಳದ ಹೂಳನ್ನು ನೀರಿನ ಜೊತೆ ಕಲಸಿ ಪೈಪಿನಲ್ಲಿ ಪಂಪು ಮಾಡಿ ಜೌಗಿಗೆ ಸುರಿದರು. ನೀರು ಬಸಿದು ಹೋಯಿತು, ಮರಳು ಉಳಿಯಿತು. ನದಿಯ ಹೂಳೂ ತೆಗೆದಂತಾಯಿತು, ನೆಲವೂ ಸಿಕ್ಕಿತು. ಆ ನೆಲದ ಹೆಸರು ಈಗ ಬಿಧಾನ್‌ನಗರ, ಜನ ಕರೆಯುವುದು ಮಾತ್ರ ಸಾಲ್ಟ್ ಲೇಕ್ ಅಂತಲೇ. ನಾವು ಕೆರೆ ಮುಚ್ಚಿ ಬಸ್ ಸ್ಟ್ಯಾಂಡು ಕಟ್ಟಿದವರು, ನಮಗೆ ಇದೇನು ಹೊಸದಲ್ಲ.

ಫುಟ್‌ಬಾಲ್‌ಗೇ ಅಂತ ಒಂದು ದೊಡ್ಡ ಸ್ಟೇಡಿಯಂ ಬೇಕು ಅನ್ನುವ ಬೇಡಿಕೆ ಬಹಳ ಹಳೆಯದು. ಕೊನೆಗೂ ಅದು ಇಲ್ಲಿ ಎದ್ದು ನಿಂತಿತು. ಈಡನ್ ಸಾವುಗಳಾಗಿ ಮೂರೂವರೆ ವರ್ಷಕ್ಕೆ, 1984ರ ಜನವರಿಯಲ್ಲಿ, ನೆಹರೂ ಕಪ್ ಟೂರ್ನಿಯೊಂದಿಗೆ ಬಾಗಿಲು ತೆರೆಯಿತು. ಆ ಸಲದ ಕಪ್ ಪೋಲೆಂಡ್‌ಗೆ ಹೋಯಿತು. ಅಧಿಕೃತ ಹೆಸರು ವಿವೇಕಾನಂದ ಯುವಭಾರತಿ ಕ್ರೀಡಾಂಗಣ. ಬಂಗಾಳಿಗಳ ಬಾಯಲ್ಲಿ ಅದು ಜುಬೊಭಾರೊತಿ. ಬಸ್ಸಿನಲ್ಲಿ ಕಂಡಕ್ಟರ್ ಕೂಗಿದ್ದು ನನಗೆ ಮೊದಲ ಆರು ತಿಂಗಳು ಅರ್ಥವಾಗಿರಲಿಲ್ಲ.

ಮೊಟ್ಟೆಯಾಕಾರದ ಕಟ್ಟಡ, ಮೂರು ಅಂತಸ್ತಿನ ಗ್ಯಾಲರಿ. 1,20,000 ಜನ ಹಿಡಿಸುವಂಥದ್ದು. ಆಗ ಪ್ರಪಂಚದ ದೊಡ್ಡ ಸ್ಟೇಡಿಯಂಗಳ ಸಾಲಿನಲ್ಲಿ ಇದರ ಹೆಸರು ಬರುತ್ತಿತ್ತು. ಪಿಚ್ ಸುತ್ತ ಓಟದ ಟ್ರ್ಯಾಕ್ ಇದೆ, ನಮ್ಮ ಕಂಠೀರವದಲ್ಲಿ ಇರುವ ಹಾಗೆ. ಅಥ್ಲೀಟುಗಳಿಗೆ ಅದು ಬೇಕು, ಇಲ್ಲ ಅನ್ನುವುದಿಲ್ಲ. ಆದರೆ ಫುಟ್‌ಬಾಲ್ ನೋಡುವವನಿಗೆ ಟ್ರ್ಯಾಕ್ ಅಂದರೆ ಶತ್ರು. ಆಟ ನಿಮ್ಮಿಂದ ಅಷ್ಟು ದೂರ ಹೋಗಿಬಿಡುತ್ತದೆ. ಮೂರನೇ ಅಂತಸ್ತಿನಲ್ಲಿ ಕೂತರೆ ಚೆಂಡು ಮೆಣಸಿನ ಕಾಳು. ಗೋಲಾಯಿತು ಅಂತ ಗೊತ್ತಾಗುವುದು ಕಣ್ಣಿನಿಂದಲ್ಲ, ಕಿವಿಯಿಂದ. ಕೆಳಗಿನ ಗ್ಯಾಲರಿಯ ಕೂಗು ಮೇಲಕ್ಕೆ ಹತ್ತಿ ಬರುತ್ತದಲ್ಲ, ಅದರಿಂದ.

ಈಗ ಆ ಸಂಜೆಗೆ ಬರುತ್ತೇನೆ. 1997ರ ಜುಲೈ 13, ಭಾನುವಾರ. ಫೆಡರೇಷನ್ ಕಪ್ ಸೆಮಿಫೈನಲ್. ಮತ್ತೆ ಅದೇ ಇಬ್ಬರು.

ಆ ಪಂದ್ಯಕ್ಕೆ ಮೊದಲೇ ಊರು ಕಾದಿತ್ತು. ಮೋಹನ್ ಬಾಗಾನ್ ಕೋಚ್ ಅಮಲ್ ದತ್ತ ಆ ವರ್ಷ ಡೈಮಂಡ್ ಪದ್ಧತಿ ಅಂತ ಒಂದು ಹೊಸ ಆಟ ತಂದಿದ್ದರು. ಎಲ್ಲರೂ ಮುನ್ನುಗ್ಗಿ ಆಡುವುದು. ಗೆಲುವಿನ ಮೇಲೆ ಗೆಲುವು ಬರುತ್ತಿತ್ತು, ಮಾತೂ ಜಾಸ್ತಿಯಾಗಿತ್ತು. ಎದುರಾಳಿ ಆಟಗಾರರಿಗೆ ಅಡ್ಡಹೆಸರಿಟ್ಟು ಪೇಪರಿನವರ ಮುಂದೆ ಹೇಳಿದರು. ಬೈಚುಂಗ್ ಭುಟಿಯಾಗೆ ಚುಂಗ್ ಚುಂಗ್. ಒಮೊಲೊಗೆ ಆಮ್ಲೆಟ್. ಸೊಸೊಗೆ ಶೋಶಾ, ಅಂದರೆ ಸೌತೆಕಾಯಿ. ಈಸ್ಟ್ ಬೆಂಗಾಲ್ ಕೋಚ್ ಪಿ.ಕೆ. ಬ್ಯಾನರ್ಜಿಯವರಿಗೆ ಇದಕ್ಕಿಂತ ಒಳ್ಳೆಯ ಸಹಾಯ ಬೇಕಿರಲಿಲ್ಲ. ಹುಡುಗರನ್ನು ರೊಚ್ಚಿಗೆಬ್ಬಿಸುವುದರಲ್ಲಿ ಅವರನ್ನು ಮೀರಿಸುವವರೇ ಇರಲಿಲ್ಲ ಅಂತ ದಾದಾ ಹೇಳುತ್ತಿದ್ದರು.

ಟಿಕೆಟ್ ದಾದಾ ತಂದಿದ್ದರು. ಸೀಟ್ ನಂಬರು ಅಂತ ಏನೂ ಇಲ್ಲ, ಕಾಂಕ್ರೀಟ್ ಮೆಟ್ಟಿಲೇ ಸೀಟು. ಮಳೆ ಬಂದು ನಿಂತಿತ್ತು. ದಾದಾ ಬ್ಯಾಗಿನಿಂದ ಎರಡು ದಿನದ ನ್ಯೂಸ್ ಪೇಪರ್ ತೆಗೆದರು. ಒಂದನ್ನು ಹಾಸಿದರು, ಇನ್ನೊಂದನ್ನು ಮಡಚಿ ಅಂಗಿಯೊಳಗೆ ಇಟ್ಟುಕೊಂಡರು. ಇದೇಕೆ ಅಂದೆ. ಆಮೇಲೆ ನೋಡು ಅಂದರು. ಕಾಗದದ ಪೊಟ್ಟಣದಲ್ಲಿ ಝಾಲ್‌ಮುಡಿ ಬಂತು. ನಮ್ಮ ಚುರುಮುರಿಯ ಅಣ್ಣ ಅದು, ಸಾಸಿವೆ ಎಣ್ಣೆ ಮೂಗಿಗೆ ಹತ್ತುತ್ತದೆ. ನಾಲ್ಕು ಗಂಟೆಯಷ್ಟರಲ್ಲಿ ಮೆಟ್ಟಿಲು ಕಾಣುತ್ತಿರಲಿಲ್ಲ, ಮೆಟ್ಟಿಲ ಮಧ್ಯೆ ಓಡಾಡಲು ಬಿಟ್ಟ ದಾರಿಯೂ ಕಾಣುತ್ತಿರಲಿಲ್ಲ. ಅಲ್ಲೆಲ್ಲ ಜನ. ಹಿಂದಿನವನ ಮಂಡಿ ನನ್ನ ಬೆನ್ನಿಗೆ, ನನ್ನ ಮಂಡಿ ಮುಂದಿನವನ ಬೆನ್ನಿಗೆ. ಆ ದಿನದ ಲೆಕ್ಕ 1,31,781 ಜನ. ಭಾರತದಲ್ಲಿ ಯಾವ ಫುಟ್‌ಬಾಲ್ ಪಂದ್ಯಕ್ಕೂ ಅಷ್ಟು ಜನ ಸೇರಿದ್ದು ದಾಖಲಾಗಿಲ್ಲ. ಹಿಡಿಸುವುದಕ್ಕಿಂತ ಹನ್ನೊಂದು ಸಾವಿರ ಜಾಸ್ತಿ.

ಈಸ್ಟ್ ಬೆಂಗಾಲ್‌ನ ನಾಜಿಮುಲ್ ಹಕ್ ಮೊದಲ ಗೋಲು ಹೊಡೆದರು. ಆಮೇಲೆ ಬೈಚುಂಗ್. ಚೀಮಾ ಒಕೋರಿ ಮೋಹನ್ ಬಾಗಾನ್‌ಗೆ ಒಂದು ವಾಪಸ್ ತಂದಾಗ ಎದುರಿನ ಗ್ಯಾಲರಿ ಪೂರ್ತಿ ಹಸಿರು ಮೆರೂನ್ ಬಾವುಟದಲ್ಲಿ ಮುಚ್ಚಿಹೋಯಿತು. ಕೊನೆಯಲ್ಲಿ ಬೈಚುಂಗ್ ಮತ್ತೆ ಎರಡು ಹೊಡೆದು ಹ್ಯಾಟ್ರಿಕ್ ಮಾಡಿದರು. 4-1. ಚುಂಗ್ ಚುಂಗ್ ಅನ್ನಿಸಿಕೊಂಡ ಹುಡುಗನಿಗೆ ಇನ್ನೂ ಇಪ್ಪತ್ತೊಂದು ತುಂಬಿರಲಿಲ್ಲ.

ಆಗ ದಾದಾ ಅಂಗಿಯೊಳಗಿಂದ ಆ ಪೇಪರ್ ತೆಗೆದರು. ಬಿಗಿಯಾಗಿ ಸುತ್ತಿದರು, ಬೆಂಕಿಕಡ್ಡಿ ಗೀರಿದರು. ಈಸ್ಟ್ ಬೆಂಗಾಲ್ ಲಾಂಛನ ಪಂಜು. ಒಂದು, ಹತ್ತು, ನೂರು. ಎರಡೇ ನಿಮಿಷದಲ್ಲಿ ಅರ್ಧ ಸ್ಟೇಡಿಯಂ ತುಂಬ ಪೇಪರಿನ ಪಂಜು. ಇಂಕು ಸುಟ್ಟ ವಾಸನೆ, ಕಣ್ಣುರಿಯುವ ಹೊಗೆ, ತಲೆಯ ಮೇಲೆ ಕಪ್ಪು ಚೂರುಗಳ ಮಳೆ. ನೋಡಲು ಚೆಂದ. ಈಗ ನೆನೆಸಿಕೊಂಡರೆ ಮೈ ನಡುಗುತ್ತದೆ. ಲಕ್ಷ ಜನರ ಮಧ್ಯೆ ಬೆಂಕಿ!

ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಅಲ್ಲಿಂದ ಹೊರಗೆ ಬಂದದ್ದನ್ನು ಯಾರೂ ಹೇಳುವುದಿಲ್ಲ. ಮೇಲಿನ ಅಂತಸ್ತಿನಿಂದ ಇಳಿಯಲು ಇಳಿಜಾರಿನ ದಾರಿ. ಹಾಡಿಕೊಂಡು ಇಳಿಯುತ್ತಿದ್ದೆವು. ಒಂದು ತಿರುವಿನಲ್ಲಿ ಮುಂದಿನವರು ನಿಂತರು, ಹಿಂದಿನವರು ನಿಲ್ಲಲಿಲ್ಲ. ಹಾಡು ನಿಂತಿತು. ನನ್ನ ಎರಡೂ ಕೈ ಎದೆಗೆ ಅಂಟಿಕೊಂಡವು. ಆಮೇಲೆ ನನ್ನ ಕಾಲು ನೆಲ ಬಿಟ್ಟಿತು. ನಿಜವಾಗಿ ಹೇಳುತ್ತಿದ್ದೇನೆ, ಅರವತ್ತೆಂಟು ಕಿಲೋ ತೂಗುವ ಮನುಷ್ಯನನ್ನು ಯಾರೂ ಎತ್ತದೆ ಗಾಳಿಯಲ್ಲಿ ಇಟ್ಟಿದ್ದರು. ಐದಾರು ಸೆಕೆಂಡ್ ಇರಬಹುದು. ನೆಲ ಸಿಕ್ಕಾಗ ಎಡಗಾಲಿನ ಚಪ್ಪಲಿ ಇರಲಿಲ್ಲ. ಬಗ್ಗಿ ಹುಡುಕುವ ಯೋಚನೆಯೂ ಬರಲಿಲ್ಲ. ದಾದಾ ನನ್ನ ಅಂಗಿಯ ಕಾಲರ್ ಹಿಡಿದುಕೊಂಡಿದ್ದರು, ಬೈಪಾಸ್ ರಸ್ತೆ ತನಕ ಬಿಡಲಿಲ್ಲ. ಎಂಬತ್ತರಲ್ಲಿ ಕಲಿತದ್ದು ಅಂದರು, ಅಷ್ಟೇ.

ಇಂಗ್ಲೆಂಡಿನ ಸ್ಟೇಡಿಯಂಗಳಿಗೆ ಒಂದು ನಿಯಮಾವಳಿ ಇದೆ. ಪಂದ್ಯ ಮುಗಿದ ಮೇಲೆ ಪ್ರೇಕ್ಷಕರು ಸೀಟಿನ ಜಾಗದಿಂದ ಸಲೀಸಾಗಿ ನಡೆಯುವ ದಾರಿಗೆ 8 ನಿಮಿಷದೊಳಗೆ ತಲುಪುವಂತಿರಬೇಕು. ಆಗದಿದ್ದರೆ ಜನರನ್ನು ಕಡಿಮೆ ಮಾಡಿ ಅನ್ನುತ್ತದೆ. ಎಷ್ಟು ಜನ ಕೂರಬಹುದು ಅನ್ನುವುದನ್ನು ಬರೀ ಮೆಟ್ಟಿಲು ಎಣಿಸಿ ತೀರ್ಮಾನಿಸುವುದಲ್ಲ, ಬಾಗಿಲನ್ನೂ ಅಳೆದು ತೀರ್ಮಾನಿಸುವುದು. ಅವರೂ ಇದನ್ನು ಸುಲಭವಾಗಿ ಕಲಿಯಲಿಲ್ಲ. 1989ರಲ್ಲಿ ಶೆಫೀಲ್ಡ್‌ನ ಹಿಲ್ಸ್‌ಬರೋದಲ್ಲಿ 97 ಜನರನ್ನು ಕಳೆದುಕೊಂಡ ಮೇಲೆ ಅದನ್ನು ಬಿಗಿ ಮಾಡಿದರು.

ಮುಂದಿನ ಇಪ್ಪತ್ತು ವರ್ಷ ಬೇಗ ಹೇಳಿಬಿಡುತ್ತೇನೆ. 2008ರ ಮೇನಲ್ಲಿ ಜರ್ಮನಿಯ ಬಯರ್ನ್ ಮ್ಯೂನಿಕ್ ಕ್ಲಬ್ ಬಂತು. ನಿವೃತ್ತಿಯ ಹೊಸ್ತಿಲಲ್ಲಿದ್ದ ಗೋಲ್‌ಕೀಪರ್ ಆಲಿವರ್ ಕಾನ್ ಈ ಸ್ಟೇಡಿಯಂನಲ್ಲಿ ಮೋಹನ್ ಬಾಗಾನ್ ಎದುರು ಆಡಿದರು. 2011ರ ಸೆಪ್ಟೆಂಬರ್ 2ರಂದು ಅರ್ಜೆಂಟೀನಾ ಮತ್ತು ವೆನೆಜುವೆಲಾ ಆಡಿದವು. ಮೆಸ್ಸಿಯ ಕಾರ್ನರ್ ಕಿಕ್, ಒಟಮೆಂಡಿ ತಲೆ, 1-0. ಮೆಸ್ಸಿ ಅರ್ಜೆಂಟೀನಾದ ಖಾಯಂ ಕ್ಯಾಪ್ಟನ್ ಆಗಿ ಆಡಿದ ಮೊದಲ ಪಂದ್ಯ ಅದು. 2012ರ ಡಿಸೆಂಬರ್‌ನಲ್ಲಿ ಗ್ಯಾಲರಿಯಿಂದ ಬಂದ ಕಲ್ಲು ಮೋಹನ್ ಬಾಗಾನ್‌ನ ರಹೀಂ ನಬಿ ಮುಖಕ್ಕೆ ಬಿತ್ತು, ಅರ್ಧ ಆಟ ಆದ ಮೇಲೆ ಆ ತಂಡ ಮತ್ತೆ ಇಳಿಯಲೇ ಇಲ್ಲ. 2014ರ ಅಕ್ಟೋಬರ್‌ನಲ್ಲಿ ಐಎಸ್‌ಎಲ್‌ನ, ಅಂದರೆ ಇಂಡಿಯನ್ ಸೂಪರ್ ಲೀಗ್‌ನ, ಮೊಟ್ಟಮೊದಲ ಪಂದ್ಯ ಇಲ್ಲೇ ನಡೆಯಿತು.

ಆಮೇಲೆ ಬಂತು ದೊಡ್ಡ ಬದಲಾವಣೆ. 2017ರಲ್ಲಿ ಹದಿನೇಳು ವರ್ಷದೊಳಗಿನವರ ವಿಶ್ವಕಪ್ ಭಾರತಕ್ಕೆ ಬರುವುದಿತ್ತು. ಅದಕ್ಕಾಗಿ ಸ್ಟೇಡಿಯಂ ಮುಚ್ಚಿ ರಿಪೇರಿ ಮಾಡಿದರು. ಕೃತಕ ಟರ್ಫ್ ಕಿತ್ತು ನಿಜವಾದ ಹುಲ್ಲು ಬೆಳೆಸಿದರು. ಕಾಂಕ್ರೀಟ್ ಮೆಟ್ಟಿಲ ಮೇಲೆ ಬಕೆಟ್ ಸೀಟು ಕೂರಿಸಿದರು, ಸೀಟಿಗೆ ನಂಬರು ಬಂತು. ಒಂದು ಕಾಲಕ್ಕೆ ಒಂದು ಲಕ್ಷದ ಇಪ್ಪತ್ತು ಸಾವಿರ ಹಿಡಿಸುತ್ತಿದ್ದ ಸ್ಟೇಡಿಯಂ ಅರವತ್ತೆಂಟು ಸಾವಿರದ ಆಸುಪಾಸಿಗೆ ಇಳಿಯಿತು. ದಾದಾಗೆ ಸಿಟ್ಟು. ಫೋನಿನಲ್ಲಿ, ನಮ್ಮ ಸ್ಟೇಡಿಯಂ ಅರ್ಧ ಮಾಡಿಬಿಟ್ಟರು ನೋಡು ಅಂದರು. ನಾನು ನನ್ನ ಚಪ್ಪಲಿ ನೆನೆಸಿಕೊಂಡು, ಒಳ್ಳೆಯದೇ ಆಯಿತಲ್ಲ ದಾದಾ ಅಂದೆ. ಐದು ನಿಮಿಷ ಬೈಸಿಕೊಂಡೆ. ಈಗಲೂ ನನ್ನ ಅಭಿಪ್ರಾಯ ಅದೇ. ಆ ಸ್ಟೇಡಿಯಂಗೆ ಆದ ಅತಿ ಒಳ್ಳೆಯ ಕೆಲಸ ಅಂದರೆ ಅದು ಚಿಕ್ಕದಾದದ್ದು.

ಚಿಕ್ಕದಾದ್ದರಿಂದ ಊರಿನ ಹುಚ್ಚೇನೂ ಕಡಿಮೆಯಾಗಲಿಲ್ಲ. ಆ ವಿಶ್ವಕಪ್‌ನ ಒಂದು ಸೆಮಿಫೈನಲ್, ಬ್ರೆಜಿಲ್ ಮತ್ತು ಇಂಗ್ಲೆಂಡ್, ಗುವಾಹಟಿಯಲ್ಲಿ ನಡೆಯಬೇಕಿತ್ತು. ಮಳೆಗೆ ಅಲ್ಲಿನ ಪಿಚ್ ಹಾಳಾಯಿತು. ಎರಡು ದಿನ ಇರುವಾಗ ಪಂದ್ಯವನ್ನು ಕೋಲ್ಕತ್ತಕ್ಕೆ ತಂದರು. ಅಷ್ಟು ಕಡಿಮೆ ಸಮಯದಲ್ಲಿ 63,881 ಜನ ಬಂದರು. ಬುಧವಾರ, ಕೆಲಸದ ದಿನ. ಎಲ್ಲರೂ ಹುಡುಗರ ಆಟ ನೋಡಲು ಬಂದವರು. ಇಂಗ್ಲೆಂಡ್ ಗೆದ್ದಿತು, ಅಕ್ಟೋಬರ್ 28ರ ಫೈನಲ್‌ನಲ್ಲಿ ಸ್ಪೇನ್ ಎದುರು 2-0 ಹಿಂದಿದ್ದು 5-2ರಲ್ಲಿ ಗೆದ್ದಿತು. ಅದರಲ್ಲಿ ಎರಡು ಗೋಲು ಹೊಡೆದ ಹುಡುಗ ಫಿಲ್ ಫೋಡೆನ್. ಅವತ್ತು ಅವನ ಹೆಸರು ಕೇಳಿದವರು ನಮ್ಮಲ್ಲಿ ಎಷ್ಟು ಜನ?

ಇನ್ನೊಂದು ಬದಲಾವಣೆಗೆ ಯಾರೂ ಕೈ ತಟ್ಟಲಿಲ್ಲ. 2020ರ ಫೆಬ್ರವರಿಯಲ್ಲಿ ಕೋಲ್ಕತ್ತದ ಪೂರ್ವ ಪಶ್ಚಿಮ ಮೆಟ್ರೋ ಶುರುವಾಯಿತು. ಮೊದಲು ತೆರೆದ ತುಂಡು ಸೆಕ್ಟರ್ ಐದರಿಂದ ಸಾಲ್ಟ್ ಲೇಕ್ ಸ್ಟೇಡಿಯಂ ತನಕ. ಈಗ ಆ ದಾರಿ ಹೂಗ್ಲಿ ನದಿಯ ಅಡಿಯಿಂದ ಹಾವ್ಡಾ ತನಕ ಹೋಗುತ್ತದೆ. ಪಂದ್ಯ ಮುಗಿಸಿದ ಅರವತ್ತು ಸಾವಿರ ಜನರನ್ನು ಹತ್ತಿಪ್ಪತ್ತು ನಿಮಿಷಕ್ಕೊಮ್ಮೆ ಬರುವ ಬಸ್ಸಿಗೆ ಬಿಡುವುದಕ್ಕೂ ರೈಲಿಗೆ ಬಿಡುವುದಕ್ಕೂ ಎಷ್ಟು ವ್ಯತ್ಯಾಸ ಅಂತ ಅನುಭವಿಸಿದವರಿಗೇ ಗೊತ್ತು. ಸ್ಟೇಡಿಯಂ ಗೇಟಿನಲ್ಲಿ ಮುಗಿಯುವುದಿಲ್ಲ, ಅದು ಬಸ್ ಸ್ಟಾಪಿನ ತನಕ ಇದೆ.

ಇಲ್ಲಿ ಒಬ್ಬ ಹುಡುಗ ಕೈ ಎತ್ತಿದ. ಸಾರ್, ಛೆಟ್ರಿ ರಿಟೈರ್ ಆಗಿದ್ದು ಅಲ್ಲೇ ಅಲ್ವಾ?

ಹೌದಪ್ಪ, ಭಾರತ ತಂಡದ ಕ್ಯಾಪ್ಟನ್ ಆಗಿದ್ದ ಸುನಿಲ್ ಛೆಟ್ರಿ. 2024ರ ಜೂನ್ 6, ಕುವೈತ್ ಎದುರು ವಿಶ್ವಕಪ್ ಅರ್ಹತಾ ಪಂದ್ಯ. 0-0. ನಮ್ಮ ಬೆಂಗಳೂರು ಎಫ್‌ಸಿ ಕ್ಯಾಪ್ಟನ್ ಆಗಿದ್ದರೂ ಆತ ವೃತ್ತಿ ಶುರು ಮಾಡಿದ್ದು 2002ರಲ್ಲಿ ಮೋಹನ್ ಬಾಗಾನ್‌ನಲ್ಲಿ. ಮದುವೆಯಾದದ್ದೂ ಆ ಕ್ಲಬ್ಬಿನ ದೊಡ್ಡ ಆಟಗಾರ ಸುಬ್ರತ ಭಟ್ಟಾಚಾರ್ಯ ಅವರ ಮಗಳನ್ನು. ಅಂದರೆ ಬೆಂಗಳೂರಿನ ಮಗ, ಕೋಲ್ಕತ್ತದ ಅಳಿಯ. ಬಂಗಾಳಿಗಳು ಅಳಿಯನನ್ನು ಕಳಿಸಿಕೊಡುವ ಹಾಗೇ ಅತ್ತುಕೊಂಡು ಕಳಿಸಿದರು. ಒಂಬತ್ತು ತಿಂಗಳಿಗೆ ಆತ ದೇಶದ ತಂಡಕ್ಕೆ ವಾಪಸ್ ಬಂದ, ಅದು ಬೇರೆ ಮಾತು.

ಹುಡುಗ ಬಿಡಲಿಲ್ಲ. ಮತ್ತೆ ಮೆಸ್ಸಿ ಬಂದಾಗ ಗಲಾಟೆ ಯಾಕಾಯ್ತು?

2025ರ ಡಿಸೆಂಬರ್ 13ರ ಮಾತು. ಅವತ್ತು ಮೆಸ್ಸಿ ಆಡಲು ಬಂದಿರಲಿಲ್ಲ, ಕಾಣಿಸಿಕೊಳ್ಳಲು ಬಂದಿದ್ದರು. ಜನ ಸಾವಿರಗಟ್ಟಲೆ ರೂಪಾಯಿ ಕೊಟ್ಟು ಟಿಕೆಟ್ ತೆಗೆದುಕೊಂಡಿದ್ದರು. ಪಿಚ್ ಮೇಲೆ ಗಣ್ಯರು, ಕ್ಯಾಮೆರಾದವರು ಸುತ್ತುವರಿದರು. ಗ್ಯಾಲರಿಯಲ್ಲಿ ಕೂತವರಿಗೆ ಮೆಸ್ಸಿ ತಲೆಯೂ ಕಾಣಲಿಲ್ಲ. ಇಪ್ಪತ್ತು ನಿಮಿಷದ ಆಸುಪಾಸಿನಲ್ಲಿ ಹೊರಟೇಹೋದರು. ಬಾಟಲಿ ಹಾರಿದವು, 2017ಕ್ಕೆ ಹಾಕಿದ್ದ ಸೀಟು ಕಿತ್ತು ಎಸೆದರು. ಸೀಟು ಕಿತ್ತದ್ದು ಸರಿ ಅಂತ ನಾನು ಹೇಳುವುದಿಲ್ಲ. ಆದರೆ ಪೆರಿಸ್ಕೋಪ್ ಕಾಲದವರು ಹೊರಗೆ ನಿಂತು, ದುಡ್ಡು ಕೊಡದೆ, ಇವರಿಗಿಂತ ಚೆನ್ನಾಗಿ ನೋಡಿದರು ಅಂತ ಮಾತ್ರ ಹೇಳುತ್ತೇನೆ.

ಇದೇ ಜನ ಇನ್ನೊಂದು ರೀತಿಯಲ್ಲೂ ಅಲ್ಲಿ ಸೇರಿದ್ದಾರೆ. 2024ರ ಆಗಸ್ಟ್‌ನಲ್ಲಿ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಯುವ ವೈದ್ಯೆಯ ಮೇಲೆ ಅತ್ಯಾಚಾರ ಮಾಡಿ ಕೊಂದಿದ್ದರು. ಊರು ಹೊತ್ತಿ ಉರಿಯುತ್ತಿತ್ತು. ಆಗಸ್ಟ್ 18ಕ್ಕೆ ಡ್ಯುರಾಂಡ್ ಕಪ್‌ನಲ್ಲಿ ಇದೇ ಎರಡು ತಂಡಗಳ ಪಂದ್ಯ ಇತ್ತು. ಭದ್ರತೆಯ ಕಾರಣ ಕೊಟ್ಟು ರದ್ದು ಮಾಡಿದರು. ಪಂದ್ಯ ಇಲ್ಲದಿದ್ದರೂ ಜನ ಬಂದರು. ಮುಚ್ಚಿದ ಗೇಟಿನ ಮುಂದೆ, ಮಳೆಯಲ್ಲಿ, ಎರಡೂ ಕಡೆಯವರು. ಮೊಹಮ್ಮಡನ್‌ನವರೂ ಬಂದರು. ನ್ಯಾಯ ಬೇಕು ಅಂತ ಒಟ್ಟಿಗೆ ಕೂಗಿದರು. ಪೊಲೀಸರು ಲಾಠಿ ಬೀಸಿದರು. ಮೋಹನ್ ಬಾಗಾನ್ ಅಂಗಿಯವನೊಬ್ಬನ ಹೆಗಲ ಮೇಲೆ ಈಸ್ಟ್ ಬೆಂಗಾಲ್ ಅಂಗಿಯವನು ಕೂತಿದ್ದ ಫೋಟೋ ದಾದಾ ಕಳಿಸಿದರು. ಕೆಳಗೆ ಏನೂ ಬರೆದಿರಲಿಲ್ಲ. ದಿನಾ ಮೂರು ಸಲ ಜೋಕ್ ಕಳಿಸುವ ಮನುಷ್ಯ ಅವರು.

ಕೊನೆಯ ಪ್ರಶ್ನೆ ಹಿಂದಿನ ಬೆಂಚಿನಲ್ಲಿದ್ದ ಹಿರಿಯರಿಂದ ಬಂತು. ಹಲಸೂರಿನ ಕಡೆ ಹುಡುಗರಾಗಿದ್ದಾಗ ಫುಟ್‌ಬಾಲ್ ಆಡಿದವರಂತೆ. ಎಲ್ಲಾ ಸರಿ ಸ್ವಾಮಿ, ನಿಮ್ಮ ಟೀಮ್ ಯಾವುದು ಅಂತ ಹೇಳಲೇ ಇಲ್ಲವಲ್ಲ?

ಕಷ್ಟದ ಪ್ರಶ್ನೆ. 2025ರ ಏಪ್ರಿಲ್ 12ಕ್ಕೆ ಅಲ್ಲಿ ಐಎಸ್‌ಎಲ್ ಫೈನಲ್ ಆಯಿತು, ಮೋಹನ್ ಬಾಗಾನ್ ಮತ್ತು ನಮ್ಮ ಬೆಂಗಳೂರು ಎಫ್‌ಸಿ. ಅವರದೇ ಡಿಫೆಂಡರ್ ಕಾಲಿಗೆ ತಾಗಿ ನಮಗೊಂದು ಗೋಲು ಬಂತು. ಪೆನಾಲ್ಟಿಯಲ್ಲಿ ಅವರು ಸಮ ಮಾಡಿದರು, ಎಕ್ಸ್‌ಟ್ರಾ ಟೈಮಿನಲ್ಲಿ ಮೆಕ್ಲಾರೆನ್ ಹೊಡೆದು ಕಪ್ ಒಯ್ದರು. ಪಂದ್ಯ ಮುಗಿದ ಮರುನಿಮಿಷ ದಾದಾ ಫೋನು. ಗಂಟಲು ಕಟ್ಟಿತ್ತು. ಮೂರು ಗಂಟೆ ಬೆಂಗಳೂರು ಬೆಂಗಳೂರು ಅಂತ ಕೂಗಿದ್ದಾರೆ, ಎಪ್ಪತ್ತೆರಡನೇ ವಯಸ್ಸಿನಲ್ಲಿ. ಮೋಹನ್ ಬಾಗಾನ್ ಸೋಲುತ್ತದೆ ಅಂದರೆ ಅವರು ಯಾರಿಗೆ ಬೇಕಾದರೂ ಕೂಗುತ್ತಾರೆ. ಅವತ್ತು ನಾನು ಬೆಂಗಳೂರು. ಅಷ್ಟರಲ್ಲಿ ಗೊಂದಲ ಇಲ್ಲ.

1997ರಲ್ಲಿ? ಕೂತದ್ದು ದಾದಾ ಪಕ್ಕ, ಈಸ್ಟ್ ಬೆಂಗಾಲ್ ಗ್ಯಾಲರಿಯಲ್ಲಿ. ಕೂಗಿದ್ದೂ ಅವರಿಗೇ. ರಾತ್ರಿ ಹತ್ತೂವರೆಗೆ ಶ್ಯಾಮಬಜಾರ್ ತಲುಪಿದೆ. ಬೀದಿಯಲ್ಲಿ ದೀಪ ಇತ್ತು, ಮಾತಿರಲಿಲ್ಲ. ಮೇಶೋಮಶಾಯ್ ಬಾಗಿಲು ತೆಗೆದರು. ನನ್ನ ತಲೆಯಲ್ಲಿ ಸುಟ್ಟ ಪೇಪರಿನ ಚೂರು, ಎಲ್ಲಿ ಕೂತಿದ್ದೆ ಅಂತ ಅದೇ ಹೇಳುತ್ತಿತ್ತು. ತಲೆ ನೋಡಿದರು. ಆಮೇಲೆ ಕಾಲು ನೋಡಿದರು. ಒಳಗೆ ಹೋಗಿ ತಮ್ಮ ಹವಾಯಿ ಚಪ್ಪಲಿ ತಂದು ಮುಂದಿಟ್ಟರು. ನಾಳೆ ಬ್ಯಾಂಕಿಗೆ ಹೋಗಬೇಕಲ್ಲ ಅಂದರು, ಬಾಗಿಲು ಹಾಕಿಕೊಂಡರು. ಜುಲೈ ಮಳೆಯಲ್ಲಿ ಕಲ್ಕತ್ತದ ರಸ್ತೆ ಕೆರೆಯಾಗುತ್ತದೆ, ಬೂಟು ಹಾಕುವ ಹಾಗಿಲ್ಲ. ವಾರವಿಡೀ ಅದನ್ನೇ ಹಾಕಿಕೊಂಡು ಬ್ಯಾಂಕಿಗೆ ಹೋದೆ. ಹಸಿರು ಪಟ್ಟಿಯ ಚಪ್ಪಲಿ. ದಾದಾ ಆ ವಾರ ಪೂರ್ತಿ ನನ್ನ ಮುಖ ನೋಡಿಕೊಂಡೇ ಮಾತನಾಡಿದರು, ಒಂದು ಸಲವೂ ಕೆಳಗೆ ನೋಡಲಿಲ್ಲ.